ಕಡಲಕುದುರೆಯ ತೊಟ್ಟಿಗೆ ಕಾಲೆರ್ಪವೋ, ಗ್ರಾಸಿಲೇರಿಯವೋ?

ಬಾಲ ಸುತ್ತಿಕೊಂಡು ನಿಲ್ಲಲು ಆಸರೆಯಿಲ್ಲದೆ ಕಡಲಕುದುರೆ ನೆಮ್ಮದಿಯಾಗಿ ಇರಲಾರದು. ಆದ್ದರಿಂದ ಆಸರೆಯಾಗುವ ಕಡಲಪಾಚಿಯ ಆಯ್ಕೆಯನ್ನು ಬರಿಯ ಅಲಂಕಾರದ ಪ್ರಶ್ನೆಯೆಂದು ತಿಳಿಯಬಾರದು. ಹಸಿರು ಕಾಲೆರ್ಪ ಬಳ್ಳಿಯಂತೆ ಬಂಡೆಯ ಮೇಲೆ ಹಬ್ಬಿ ಬೇಗ ಬೆಳೆಯುತ್ತದೆ, ಮಲ ಮತ್ತು ಉಳಿದ ಆಹಾರ ಕೊಳೆತು ನೀರಿನಲ್ಲಿ ಸೇರುವ ನೈಟ್ರೇಟನ್ನೂ ಚುರುಕಾಗಿ ಹೀರುತ್ತದೆ. ಜಠರವೇ ಇಲ್ಲದ, ದಿನಕ್ಕೆ 2–3 ಸಲ ಮೈಸಿಡ್ ಸೀಗಡಿ ಉಣಿಸಬೇಕಾದ ಈ ಮೀನಿನ ತೊಟ್ಟಿಯಲ್ಲಿ ಅದು ಸಣ್ಣ ಉಪಕಾರವಲ್ಲ. ಆದರೆ ಇಡೀ ಮೈಯೇ ಒಂದು ಜೀವಕೋಶವಾಗಿರುವ ಕಾಲೆರ್ಪ, ಸಂತಾನೋತ್ಪತ್ತಿಗೆ ತೊಡಗಿದರೆ ಒಳಗಿರುವುದನ್ನೆಲ್ಲ ನೀರಿಗೆ ಚೆಲ್ಲಿ, ಬಿಳಿಚಿಕೊಂಡು ಸಾಯುತ್ತದೆ. ಆಗ ನೀರು ಕದಡುತ್ತದೆ, ಆಮ್ಲಜನಕ ಕುಸಿಯುತ್ತದೆ. ಕೆಂಪು ಗ್ರಾಸಿಲೇರಿಯ ನಿಧಾನವಾಗಿ ಬೆಳೆದರೂ ಹೀಗೆ ಒಮ್ಮೆಲೇ ಕರಗಿ ಕೈಕೊಡುವುದಿಲ್ಲ, ಅದರ ಕವಲುಗಳೂ ಬಾಲದ ಹಿಡಿತಕ್ಕೆ ಒಪ್ಪುವಂತಿವೆ. ಮೊದಲ ತೊಟ್ಟಿಗೆ ನನ್ನ ಮತ ಇದಕ್ಕೇ. ಆ ಅಪಾಯ ತಗ್ಗುವಂತೆ ಕಾಲೆರ್ಪವನ್ನು ತಪ್ಪದೆ ಕತ್ತರಿಸುತ್ತಿರುವ ಶಿಸ್ತುಳ್ಳವರು ಮಾತ್ರ ಅದನ್ನು ಬೆಳೆಸಲಿ.