ತಾಯಿಯ ಪಥ್ಯವೋ, ಚರ್ಮದ ಆರೈಕೆಯೋ: ಎದೆಹಾಲಿನ ಮಗುವಿನ ಎಕ್ಸಿಮಾಗೆ ಯಾವುದು ಮೊದಲು?

ಎದೆಹಾಲು ಕುಡಿಯುವ ಮಗುವಿನ ಕೆನ್ನೆಯಲ್ಲಿ ತುರಿಕೆಯ ಎಕ್ಸಿಮಾ (ಚರ್ಮ ಒಣಗಿ ಕೆಂಪಾಗುವ ತೊಂದರೆ) ಕಾಣಿಸಿಕೊಂಡಾಗ, ಬಾಣಂತಿಯ ತಟ್ಟೆಯಿಂದ ಹಾಲು, ಮೊಟ್ಟೆ, ಕಡಲೆಕಾಯಿಗಳನ್ನೆಲ್ಲ ಒಮ್ಮೆಲೇ ತೆಗೆದುಬಿಡುವುದಕ್ಕಿಂತ ಚರ್ಮದ ಆರೈಕೆಯಿಂದ ಆರಂಭಿಸುವುದೇ ಮೇಲೆಂಬುದು ನನ್ನ ದೃಢ ಅಭಿಪ್ರಾಯ. ಏಕೆಂದರೆ ಬಹುಪಾಲು ಮಕ್ಕಳಲ್ಲಿ ಮೂಲ ಕೊರತೆಯಿರುವುದು ತೇವವನ್ನು ಹಿಡಿದಿಡಲಾರದ ಚರ್ಮದಲ್ಲಿ. ಉಗುರುಬೆಚ್ಚಗಿನ ನೀರಿನ ಚಿಕ್ಕ ಸ್ನಾನ, ಕಡಲೆಹಿಟ್ಟಿನ ಉಜ್ಜುವಿಕೆಗೆ ವಿರಾಮ, ಮೈ ಒದ್ದೆಯಿರುವಾಗಲೇ ಸುವಾಸನೆಯಿಲ್ಲದ ಮುಲಾಮು, ಕೆರಳಿದಾಗ ವೈದ್ಯರು ಬರೆದಷ್ಟು ದಿನ ಹಚ್ಚುವ ಸೌಮ್ಯ ಸ್ಟಿರಾಯ್ಡ್ ಮುಲಾಮು: ಇದರಿಂದ ತಾಯಿಯ ಊಟಕ್ಕೆ ಕುಂದಿಲ್ಲ.

ಪಥ್ಯಕ್ಕೂ ಸ್ಥಾನವಿದೆ. ಆರೈಕೆಗೆ ಬಗ್ಗದ ಎಕ್ಸಿಮಾದ ಜೊತೆ ಮಲದಲ್ಲಿ ರಕ್ತ, ಪದೇ ಪದೇ ವಾಂತಿ ಅಥವಾ ತೂಕ ಏರದಿರುವುದು ಕಂಡರೆ, ವೈದ್ಯರ ಸಲಹೆಯಂತೆ ತಾಯಿ 2ರಿಂದ 4 ವಾರ ಹಾಲಿನ ಪದಾರ್ಥಗಳನ್ನು ಬಿಟ್ಟು, ಬಳಿಕ ಮತ್ತೆ ತಿಂದು ನೋಡಬೇಕು; ಈ ಮರುಪರೀಕ್ಷೆಯಿಲ್ಲದೆ ಅಲರ್ಜಿಯೆಂದು ನಿರ್ಧರಿಸಲಾಗದು. ಎಮ್ಮೆ, ಮೇಕೆಯ ಹಾಲಿನ ಪ್ರೋಟೀನುಗಳು ಹಸುವಿನದನ್ನೇ ಹೋಲುವುದರಿಂದ ಅವು ಪರ್ಯಾಯವಲ್ಲ. ಮಜ್ಜಿಗೆ, ಪೇಡೆಗಳೂ ಲೆಕ್ಕಕ್ಕೆ ಸೇರುತ್ತವೆ. ಆಗ ರಾಗಿಯ ಜೊತೆಗೆ ಕ್ಯಾಲ್ಸಿಯಂ ಮಾತ್ರೆಯೂ ಬೇಕಾಗಬಹುದು. ಬಾಣಂತನದ ಕಟ್ಟುಪಾಡುಗಳೇ ಬಿಗಿಯಾಗಿರುವ ಮನೆಯಲ್ಲಿ ಇನ್ನೊಂದು ನಿಷೇಧ ತಾಯಿಯನ್ನು ಎಷ್ಟು ಬಳಲಿಸುತ್ತದೆ ಎಂಬುದನ್ನು ಮನೆಯವರು ಯೋಚಿಸಬೇಕು. ಎರಡರಲ್ಲಿ ಯಾವ ದಾರಿ ಹಿಡಿದರೂ ಇದಕ್ಕಾಗಿ ಎದೆಹಾಲನ್ನು ಬಿಡಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.