ಪಿಕಪ್ ಟೈರ್ ತಿನ್ನುತ್ತಿದ್ದರೆ ಅಲೈನ್‌ಮೆಂಟ್‌ಗೂ ಮೊದಲು ಜಾಕ್ ಹಾಕಿಸಿ ನೋಡಿ

ಮುಂದಿನ ಟೈರುಗಳ ಒಳಬದಿ ಸವೆಯುತ್ತಿದೆ, ಸ್ಟೀರಿಂಗ್ ನಡುಗುತ್ತಿದೆ ಎಂದು ಪಿಕಪ್ಪನ್ನು ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ) ಅಂಗಡಿಗೆ ಒಯ್ಯಲು ಹೊರಟಿರುವ ಚಿಕ್ಕಮಗಳೂರು, ಹಾಸನ ಭಾಗದವರು ಹೊರಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಗಾಡಿಯನ್ನು ಜಾಕ್ ಮೇಲೆ ಎತ್ತಿ ಚಕ್ರವನ್ನು ಕೈಯಿಂದ ಅಲುಗಾಡಿಸಿ ನೋಡದೆ, ನೇರವಾಗಿ ಕಂಪ್ಯೂಟರ್ ಮುಂದೆ ನಿಲ್ಲಿಸಿ ಹಣ ಪಡೆಯುವ ಅಂಗಡಿಯೊಂದರಿಂದಾಗಿ ನಮ್ಮ ಒಂದು ಜೊತೆ ಹೊಸ ಟೈರು ಒಂದೇ ಕಾಫಿ ಹಂಗಾಮಿನಲ್ಲಿ ಹಾಳಾಯಿತು.

ನಮ್ಮ ಪಿಕಪ್ ಮೂಡಿಗೆರೆ ಕಡೆಯ ತೋಟದಿಂದ ಕಾಫಿ ಚೀಲಗಳನ್ನು ಚಿಕ್ಕಮಗಳೂರು ಮತ್ತು ಹಾಸನದ ಕ್ಯೂರಿಂಗ್ ವರ್ಕ್ಸ್‌ಗಳಿಗೆ (ಕಾಫಿ ಸಂಸ್ಕರಿಸುವ ಕಾರ್ಖಾನೆಗಳಿಗೆ) ಹೊರುವ ಗಾಡಿ. ತೋಟದೊಳಗಿನ ಕಲ್ಲುದಾರಿ, ಮಳೆಗಾಲ ಮುಗಿದ ಮೇಲೆ ಉಳಿಯುವ ಗುಂಡಿಗಳು, ಬರುವಾಗ ಗೊಬ್ಬರದ ಲೋಡು, ಇವೆಲ್ಲ ಅದಕ್ಕೆ ದಿನನಿತ್ಯದ ಪಾಡು. ಮುಂದಿನ ಎರಡೂ ಟೈರುಗಳ ಒಳಅಂಚು ಬೋಳಾಗಿ, ಬೇಲೂರು ದಾಟಿ ಹಾಸನದ ರಸ್ತೆಯಲ್ಲಿ ವೇಗ ಹೆಚ್ಚಿಸಿದೊಡನೆ ಸ್ಟೀರಿಂಗ್ ಅದುರತೊಡಗಿದಾಗ, ಅಂಗಡಿಯವರು ಟೈರಿನ ಆಯುಷ್ಯ ಮುಗಿದಿದೆ ಎಂದು ಹೊಸ ಜೊತೆ ಹಾಕಿ, ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ (ಚಕ್ರದ ಸುತ್ತಲೂ ತೂಕ ಸಮ ಮಾಡುವ ಕೆಲಸ) ಮಾಡಿ, ಎಲ್ಲ ಅಂಕಿಗಳೂ ಹಸಿರು ಬಣ್ಣದಲ್ಲಿರುವ ಹಾಳೆಯೊಂದನ್ನು ಕೊಟ್ಟರು. ಕೆಲವೇ ವಾರಗಳಲ್ಲಿ ಹೊಸ ಟೈರಿನ ಒಳಅಂಚೂ ಗರಗಸದ ಹಲ್ಲಿನಂತಾಯಿತು. ಮತ್ತೆ ಹೋದಾಗ ಲೋಡು ಜಾಸ್ತಿ, ನಿಮ್ಮ ಕಡೆಯ ರಸ್ತೆ ಸರಿಯಿಲ್ಲ ಎಂಬ ಉತ್ತರದೊಂದಿಗೆ ಮತ್ತೊಮ್ಮೆ ಅಲೈನ್‌ಮೆಂಟ್, ಮತ್ತೊಂದು ಬಿಲ್ಲು, ಮತ್ತೊಂದು ಹಸಿರು ಹಾಳೆ ಸಿಕ್ಕಿತು.

ಆ ಹಾಳೆಯ ಅಂಕಿಗಳು ಸುಳ್ಳಾಗಿರಲಿಲ್ಲ. ಆದರೆ ಅವು ನಿಂತ ಗಾಡಿಯ ಅಂಕಿಗಳು. ಮುಂದಿನ ಎರಡು ಚಕ್ರಗಳ ನಡುವೆ ಮುಂತುದಿಯಲ್ಲಿರುವ ಅಂತರಕ್ಕೂ ಹಿಂತುದಿಯಲ್ಲಿರುವ ಅಂತರಕ್ಕೂ ಇರುವ ವ್ಯತ್ಯಾಸವನ್ನು ಟೋ ಎನ್ನುತ್ತಾರೆ. ಹಿಂದಿನ ಚಕ್ರಗಳು ತಳ್ಳುವ ನಮ್ಮಂಥ ಗಾಡಿ ಓಡುವಾಗ, ರಸ್ತೆಯ ತಡೆಯು ಮುಂದಿನ ಚಕ್ರಗಳನ್ನು ಹೊರಮುಖವಾಗಿ ತಿರುಗಿಸಲು ಎಳೆಯುತ್ತಿರುತ್ತದೆ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳಿನ ತುದಿಯ ಕೀಲಾದ ಟೈ ರಾಡ್ ಎಂಡ್ ಬಿಗಿಯಾಗಿದ್ದರೆ ಚಕ್ರ ತನ್ನ ಜಾಗದಲ್ಲೇ ನಿಲ್ಲುತ್ತದೆ. ಅದು ಸವೆದು ಸಡಿಲವಾಗಿದ್ದರೆ, ಸ್ಟ್ಯಾಂಡಿನ ಮೇಲೆ ಸರಿಯಿದ್ದ ಟೋ ರಸ್ತೆಗಿಳಿದ ಕೂಡಲೇ ಹೊರಕ್ಕೆ ತೆರೆದುಕೊಂಡು ಒಳಅಂಚನ್ನು ತಿನ್ನುತ್ತದೆ. ಈ ವ್ಯತ್ಯಾಸ ಎಷ್ಟು ಸಣ್ಣದಿದ್ದರೂ ಸಾಕು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು: 15 ಇಂಚಿನ ರಿಮ್‌ನ ಅಂಚಿನಲ್ಲಿ ಅಳೆದಾಗ ಟೋ ಒಟ್ಟು 3 ಮಿಲಿಮೀಟರ್ ತಪ್ಪಿದ್ದರೆ, ಪ್ರತಿ ಕಿಲೋಮೀಟರ್ ಓಟಕ್ಕೆ ಒಂದೊಂದು ಟೈರೂ ಸುಮಾರು 4 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಯಾವ ಕಂಪನಿಯ ಟೈರೂ ಇದನ್ನು ತಾಳಲಾರದು.

ಕೊನೆಗೆ ಇದನ್ನು ಕಂಡುಹಿಡಿದವರು ಕಂಪ್ಯೂಟರ್ ಇಲ್ಲದ ಸಣ್ಣ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಒಬ್ಬರು. ಅವರು ಎಂಜಿನ್ ನಿಲ್ಲಿಸಿ, ಚಕ್ರಗಳು ನೆಲದ ಮೇಲಿರುವಾಗಲೇ ನನ್ನಿಂದ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸಲು ಹೇಳಿ, ಕೆಳಗೆ ಮಲಗಿ ಟೈ ರಾಡ್ ಎಂಡ್ ಮೇಲೆ ಕೈಯಿಟ್ಟು ನೋಡಿದರು. “ಇದರಲ್ಲಿ ಪ್ಲೇ ಇರೋವರೆಗೂ ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ದುಡ್ಡು ದಂಡ ಸಾರ್” ಎಂದರು. ನಂತರ ಜಾಕ್ ಹಾಕಿ ತೋರಿಸಿದ ಕ್ರಮವನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಇದನ್ನು ಯಾರು ಬೇಕಾದರೂ ಮಾಡಬಹುದು. ಚಕ್ರವನ್ನು ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲುಗಾಡಿಸಿದಾಗ ಸಡಿಲ ಕಂಡರೆ ಟೈ ರಾಡ್ ಅಥವಾ ಸ್ಟೀರಿಂಗ್ ಜೋಡಣೆಯ ಮೇಲೆ ಸಂಶಯಪಡಬೇಕು. 12 ಮತ್ತು 6ರ ಜಾಗದಲ್ಲೂ ಸಡಿಲವಿದ್ದರೆ ಅದು ವೀಲ್ ಬೇರಿಂಗ್ (ಚಕ್ರ ಸರಾಗವಾಗಿ ತಿರುಗಿಸುವ ಭಾಗ) ಅಥವಾ ಬಾಲ್ ಜಾಯಿಂಟ್ (ಚಕ್ರವನ್ನು ಆರ್ಮ್ ಎಂಬ ಕಬ್ಬಿಣದ ತೋಳಿಗೆ ಹಿಡಿದಿಡುವ ಗುಂಡು ಕೀಲು). ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿದಾಗ ಅಲುಗಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಸ್ಪ್ರಿಂಗಿನ ಭಾರ ಕೆಳಗಿನ ಆರ್ಮ್ ಮೇಲಿರುವ ಗಾಡಿಗಳಲ್ಲಿ ಜಾಕನ್ನು ಚಾಸಿಗೆ ಕೊಡದೆ ಆ ಆರ್ಮ್‌ಗೇ ಕೊಡಬೇಕು, ಇಲ್ಲವಾದರೆ ಭಾರ ಕೂತೇ ಇರುವುದರಿಂದ ಬಾಲ್ ಜಾಯಿಂಟಿನ ದೋಷ ಕೈಗೆ ಸಿಗುವುದಿಲ್ಲ.

ಟೈರನ್ನು ಅಂಗೈಯಿಂದ ಅಡ್ಡಕ್ಕೆ ಸವರಿದರೂ ಬಹಳಷ್ಟು ತಿಳಿಯುತ್ತದೆ. ಹೊರಗಿನಿಂದ ಒಳಗೆ ಸವರುವಾಗ ಅಂಚು ಚುಚ್ಚಿದರೆ ಟೋ ಹೊರಮುಖವಾಗಿದೆ. ಒಳಗಿನಿಂದ ಹೊರಗೆ ಸವರುವಾಗ ಚುಚ್ಚಿದರೆ ಒಳಮುಖವಾಗಿದೆ. ಚುಚ್ಚದೆ ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಕ್ಯಾಂಬರ್, ಅಂದರೆ ಚಕ್ರ ಮೇಲ್ಗಡೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ನೋಡಿಸಬೇಕು. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಅಥವಾ ಲೋಡು ಅತಿ. ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸ್ ಕೈಕೊಟ್ಟಿದೆ. ಅಂಗಡಿಯವರು ನಮ್ಮ ಟೈರನ್ನು ಒಮ್ಮೆಯೂ ಹೀಗೆ ಮುಟ್ಟಿ ನೋಡಲಿಲ್ಲ ಎಂಬುದೇ ನನ್ನ ಮುಖ್ಯ ದೂರು. ಗಾಳಿಯ ಒತ್ತಡ ಸರಿಮಾಡಲಿಲ್ಲ, ಕೆಲಸ ಶುರುಮಾಡುವ ಮೊದಲಿನ ಅಳತೆಯ ಹಾಳೆಯನ್ನೂ ಕೊಡಲಿಲ್ಲ. ಬ್ಯಾಲೆನ್ಸಿಂಗ್ ಮಾಡುವಾಗ ರಿಮ್‌ನ ಒಳಬದಿಗೆ ಅಂಟಿ ಒಣಗಿದ್ದ ತೋಟದ ಕೆಸರನ್ನು ತೊಳೆಯದೆ, ಅದರ ಮೇಲೆಯೇ ತೂಕ ನೋಡಿ ಸೀಸದ ತುಂಡು ಹೊಡೆದಿದ್ದರು. ಆ ಕೆಸರು ಉದುರಿದ ದಿನ ಬ್ಯಾಲೆನ್ಸೂ ಹೋಗುತ್ತದೆ. ಮಲೆನಾಡಿನಲ್ಲಿ ಕೆಲಸ ಮಾಡುವ ಅಂಗಡಿಗೆ ಇದು ತಿಳಿದಿರಲೇಬೇಕು.

ಟೈ ರಾಡ್ ಎಂಡ್ ಎರಡನ್ನೂ ಬದಲಿಸಿ ಬೇರೆಡೆ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಟೈರ್ ತಿನ್ನುವುದು ನಿಂತಿತು, ಆದರೆ ನೇರ ರಸ್ತೆಯಲ್ಲಿ ಸ್ಟೀರಿಂಗ್ ಒಂದು ಪಕ್ಕಕ್ಕೆ ವಾಲಿಯೇ ಇತ್ತು. ಅದೇ ಮೆಕ್ಯಾನಿಕ್ ಗಾಡಿಯನ್ನು ನೀರು ನಿಂತ ಜಾಗದಲ್ಲಿ ಹಾಯಿಸಿ ಒಣ ರಸ್ತೆಯ ಮೇಲೆ ನೇರವಾಗಿ ಓಡಿಸಲು ಹೇಳಿದರು. ಹಿಂದಿನ ಚಕ್ರಗಳ ಒದ್ದೆ ಗುರುತು ಮುಂದಿನವುಗಳ ಗುರುತಿನಿಂದ ಒಂದು ಬದಿಗೆ ಸರಿದು ಬಿದ್ದಿತ್ತು. ಹಿಂದಿನ ಬ್ಲೇಡ್ ಸೆಟ್ಟನ್ನು (ಪಟ್ಟಿಗಳ ಸ್ಪ್ರಿಂಗನ್ನು) ಆಕ್ಸಲ್‌ಗೆ ಕೂರಿಸುವ ಸೆಂಟರ್ ಬೋಲ್ಟ್ ಎಡಬದಿಯಲ್ಲಿ ತುಂಡಾಗಿ, ಯು-ಬೋಲ್ಟ್ ಸಡಿಲವಾಗಿ, ಆಕ್ಸಲ್ ಆ ಬದಿಯಲ್ಲಿ ಹಿಂದಕ್ಕೆ ಸರಿದಿತ್ತು. ಟೇಪ್ ಹಿಡಿದು ಮುಂದಿನ ಹಬ್‌ನಿಂದ ಹಿಂದಿನ ಹಬ್‌ಗೆ ಎರಡೂ ಬದಿ ಅಳೆದಿದ್ದರೆ ಅಂಗಡಿಯವರಿಗೂ ಇದು ಕಾಣುತ್ತಿತ್ತು. ಅವರು ಮುಂದಿನ ಚಕ್ರಗಳನ್ನು ಬಿಟ್ಟು ಹಿಂದಕ್ಕೆ ನೋಡಿದವರೇ ಅಲ್ಲ. ಬೋಲ್ಟ್ ಬದಲಿಸುವವರು ಹಳೆಯ ಯು-ಬೋಲ್ಟುಗಳನ್ನೇ ಮತ್ತೆ ಹಾಕಿಸಬೇಡಿ, ಮತ್ತು ಲೋಡಿನೊಂದಿಗೆ ಸ್ವಲ್ಪ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.

ನಡುಕದ ವಿಷಯವೂ ಬೇರೆಯೇ ಇತ್ತು. ಸುಮಾರು 70ರಿಂದ 90 ಕಿ.ಮೀ. ವೇಗದಲ್ಲಿ ಸ್ಟೀರಿಂಗ್‌ನಲ್ಲಿ ಕಾಣುವ ಅದುರು ಸಾಮಾನ್ಯವಾಗಿ ಮುಂದಿನ ಚಕ್ರದ ಬ್ಯಾಲೆನ್ಸ್ ಅಥವಾ ಬೆಂಡಾದ ರಿಮ್‌ನದು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಬ್ರೇಕ್ ಡಿಸ್ಕಿನದು. ರಿಮ್ ತೊಳೆದು ಬ್ಯಾಲೆನ್ಸ್ ಮಾಡಿಸಿದ ಮೇಲೂ ನಮ್ಮದರಲ್ಲಿ ಲೋಡು ಹೇರಿ ಏರು ಹತ್ತುವಾಗ ಸೀಟು ಮತ್ತು ನೆಲ ನಡುಗುತ್ತಿದ್ದವು. ಅದಕ್ಕೆ ಕಾರಣ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ಕೀಲು. ಗ್ರೀಸ್ ಒಣಗಿದ ಕ್ರಾಸಿನ ಕಪ್ಪುಗಳ ಸುತ್ತ ತುಕ್ಕಿನ ಕೆಂಪು ಪುಡಿ ಕಟ್ಟಿರುವುದು ಕೆಳಗೆ ಬಗ್ಗಿ ನೋಡಿದರೆ ಕಾಣುತ್ತದೆ. ಶಾಫ್ಟ್ ಬಿಚ್ಚುವ ಮೊದಲು ಎರಡೂ ಕಡೆ ಗುರುತು ಹಾಕಿಸಿ. ಅದೇ ಜೋಡಿಯಲ್ಲಿ ಕೂರದಿದ್ದರೆ ಹೊಸ ಕ್ರಾಸ್ ಹಾಕಿದರೂ ನಡುಕ ಉಳಿಯಬಹುದು.

ಒಳಅಂಚಿನ ಸವೆತ ನಿಂತು ನೋಡಿದರೆ ಕಾಣುವುದಿಲ್ಲ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿಟ್ಟು ನೋಡಬೇಕು. ಹೊರಬದಿಯಲ್ಲಿ ರಬ್ಬರಿನ ಅಚ್ಚು ಚೆನ್ನಾಗಿದ್ದು ಒಳಬದಿಯಲ್ಲಿ ತಂತಿ ಕಾಣುವ ಟೈರಿನಲ್ಲಿ ಚಾರ್ಮಾಡಿ ಅಥವಾ ಶಿರಾಡಿ ಘಾಟಿಯನ್ನು ಲೋಡಿನೊಂದಿಗೆ ಇಳಿಯುವುದು ಜೀವಕ್ಕೆ ಅಪಾಯ ಎಂದು ಒತ್ತಿ ಹೇಳುತ್ತೇನೆ.

ನಾವು ಹಣ ವಾಪಸು ಕೇಳಿದಾಗ ಅಂಗಡಿಯವರು ತಮ್ಮ ಹಸಿರು ಹಾಳೆಯನ್ನೇ ಮುಂದಿಟ್ಟರು. ಆದ್ದರಿಂದ ಕೆಲಸಕ್ಕೆ ಮೊದಲಿನ ಮತ್ತು ನಂತರದ ಎರಡೂ ಹಾಳೆಗಳನ್ನು ಕೇಳಿ ಪಡೆಯಿರಿ, ಟೈ ರಾಡ್, ಬಾಲ್ ಜಾಯಿಂಟ್, ಬೇರಿಂಗ್ ಪರೀಕ್ಷಿಸಿದ್ದೇವೆ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಲು 2 ವರ್ಷಗಳ ಅವಧಿ ಇದೆ. ವಾಣಿಜ್ಯ ಉದ್ದೇಶದ ಸೇವೆ ಅದರ ವ್ಯಾಪ್ತಿಗೆ ಬರುವುದಿಲ್ಲವಾದರೂ, ಸ್ವಂತ ದುಡಿಮೆಯಿಂದ ಜೀವನ ನಡೆಸಲೆಂದೇ ಟೈರಿನಂಥ ಸರಕನ್ನು ಕೊಂಡು ಬಳಸುವವರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅಂಥವರಿಗೆ ಈ ಕಾಗದಗಳು ಬೇಕಾಗುತ್ತವೆ.