ಇಟಲಿಯಲ್ಲಿ ಕಾರು ಬಾಡಿಗೆಗೆ ತಗೊಳ್ಳೋ ಮುಂಚೆ ದಯವಿಟ್ಟು ಇದನ್ನ ಓದಿ

ಇಟಲಿಗೆ ಹೊರಟಿದ್ದೀರಾ? ಅಲ್ಲಿ ಕಾರು ಬಾಡಿಗೆಗೆ ತಗೊಂಡು ಹಳೇ ಊರುಗಳನ್ನ ಸುತ್ತುವ ಯೋಚನೆ ಇದೆಯಾ? ಹಾಗಾದರೆ ಬುಕ್ ಮಾಡುವ ಮುಂಚೆ ಇದನ್ನೊಂದು ಓದಿಬಿಡಿ. ನಮಗೆ ಹತ್ತಿರ ಹತ್ತಿರ 40,000 ರೂಪಾಯಿ ಕೈಬಿಟ್ಟಿತು. ಕಾರು ತರಬಾರದ ಹಳೇ ಊರಿನ ಗಲ್ಲಿಗೆ ಗೊತ್ತಿಲ್ಲದೆ ನುಗ್ಗಿದ್ದಕ್ಕೆ ದಂಡ ಬಿದ್ದಿದೆ ಅನ್ನೋದು ಗೊತ್ತಾಗಿದ್ದೇ ಮನೆಗೆ ಬಂದು ನಾಲ್ಕು ತಿಂಗಳಾದ ಮೇಲೆ.

2023ರ ಅಕ್ಟೋಬರ್‌ನಲ್ಲಿ ನಾನು, ನಮ್ಮನೆಯವರು, ಅಮ್ಮ ಮೂವರೂ ಹೋಗಿದ್ದೆವು. ಮೊದಲು ರೋಮ್. ನಮ್ಮ ಊರು ಸಾಗರ, ಇಕ್ಕೇರಿ ನಮಗೆ ಕೂಗಳತೆ ದೂರ. ರೋಮ್‌ನಿಂದ ಪಿಯೆತ್ರೋ ದೆಲ್ಲಾ ವಾಲ್ಲೆ ಅನ್ನುವವನು 1623ರಲ್ಲಿ ಇಕ್ಕೇರಿಗೆ ಬಂದಿದ್ದ, ಕೆಳದಿಯ ವೆಂಕಟಪ್ಪ ನಾಯಕ ಆಳುತ್ತಿದ್ದ ಕಾಲ ಅದು. ಮರಳಿನ ಮೇಲೆ ಬೆರಳಲ್ಲಿ ಬರೆದು, ಹಾಡಿಕೊಂಡು ಲೆಕ್ಕ ಕಲಿಯುವ ನಮ್ಮ ಕಡೆಯ ಮಕ್ಕಳನ್ನ ನೋಡಿ ಬರೆದಿಟ್ಟಿದ್ದಾನೆ. ಅವನ ಹೆಂಡತಿ ಮಾನಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ಅವಳ ದೇಹವನ್ನ ಪೆಟ್ಟಿಗೆಯಲ್ಲಿಟ್ಟುಕೊಂಡೇ ಅವನು ನಮ್ಮ ದೇಶದಲ್ಲಿ ಸುತ್ತಾಡಿ, ಕೊನೆಗೆ ರೋಮ್‌ಗೆ ಒಯ್ದು ಮಣ್ಣು ಮಾಡಿದ. ಅವರಿಬ್ಬರೂ ಮಲಗಿರುವ ಸಾಂತಾ ಮರಿಯಾ ಇನ್ ಅರಾಚೆಲಿ ಚರ್ಚನ್ನ ನೋಡಲೇಬೇಕು ಅಂತ ನಾನು ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ. ಎದುರಿಗೆ ಕಡಿದಾದ 124 ಮೆಟ್ಟಿಲು. ನಾನು ಹತ್ತಿದೆ. ಅಮ್ಮ ಪಕ್ಕದ ಕಾಂಪಿದೋಲ್ಯೋ ಚೌಕದ ಇಳಿಜಾರಿನ ದಾರಿಯಲ್ಲಿ ನಿಧಾನವಾಗಿ ಬಂದರು. ಒಳಗೆ ತಂಪು, ಮೇಣದ ಬತ್ತಿಯ ವಾಸನೆ. ಅಮ್ಮ ಕೈಮುಗಿದು, "ನಮ್ಮೂರಿಗೆ ಬಂದು ಹೋದವ ಅಲ್ವನೇ" ಅಂದರು. ಇಡೀ ಪ್ರವಾಸದಲ್ಲಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರೋದು ಆ ಅರ್ಧ ಗಂಟೆ.

ಆದರೆ ಮೂರು ದಿನ ರೋಮ್‌ನ ಕಲ್ಲುಹಾಸಿನ ಮೇಲೆ ನಡೆದು ಅಮ್ಮನ ಮಂಡಿ ಊದಿಕೊಂಡಿತು. ಫ್ಲಾರೆನ್ಸ್‌ಗೆ ರೈಲಲ್ಲಿ ಹೋಗೋದು ಅಂತಿತ್ತು, ವೇಗದ ರೈಲಲ್ಲಿ ಒಂದೂವರೆ ಗಂಟೆಯ ದಾರಿ ಅಷ್ಟೇ. ಅಮ್ಮನಿಗೆ ಸುಲಭ ಆಗಲಿ ಅಂತ ಅದನ್ನ ಬಿಟ್ಟು ಕಾರು ತಗೊಂಡೆವು. ನಮ್ಮವರು ಹೊರಡುವ ಮುಂಚೆಯೇ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡಿದ್ದರು. ಇಟಲಿಯಲ್ಲಿ ನಮ್ಮ ಲೈಸೆನ್ಸ್ ಜೊತೆಗೆ ಅದೂ ಬೇಕೇ ಬೇಕು. ಕಾರು ಕೊಟ್ಟ ಹುಡುಗ ಇನ್ಶೂರೆನ್ಸ್ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ. ಜೆಡ್‌ಟಿಎಲ್ ಅನ್ನುವ ಮೂರು ಅಕ್ಷರ ಮಾತ್ರ ಅವನ ಬಾಯಿಂದ ಬರಲಿಲ್ಲ.

ಆ ಮೂರು ಅಕ್ಷರ ಏನು ಅಂತ ಈಗ ಹೇಳ್ತೀನಿ. ಜೋನಾ ಆ ಟ್ರಾಫಿಕೋ ಲಿಮಿತಾತೋ, ಅಂದರೆ ವಾಹನ ಸಂಚಾರಕ್ಕೆ ಮಿತಿ ಹಾಕಿರುವ ಜಾಗ. ಫ್ಲಾರೆನ್ಸ್, ರೋಮ್, ಪೀಸಾ, ಸಿಯೆನಾ, ಬೊಲೊನ್ಯಾ, ಲುಕ್ಕಾ, ಹೀಗೆ ಹಳೇ ಊರುಗಳ ನಡುಭಾಗಕ್ಕೆಲ್ಲ ಇದೆ. ಅಲ್ಲಿ ವಾಸ ಇರುವವರು, ಬಸ್ಸು, ಟ್ಯಾಕ್ಸಿ, ಪರವಾನಗಿ ಇದ್ದವರು ಮಾತ್ರ ಗಾಡಿ ತರಬಹುದು. ಗೇಟು ಇಲ್ಲ, ತಡೆಗೋಲು ಇಲ್ಲ, ಕೈ ಅಡ್ಡ ಹಾಕುವ ಪೊಲೀಸರೂ ಇಲ್ಲ. ಒಂದು ಕ್ಯಾಮೆರಾ ಇರುತ್ತೆ, ಅದು ನಿಮ್ಮ ನಂಬರ್ ಪ್ಲೇಟಿನ ಫೋಟೋ ತೆಗೆಯುತ್ತೆ, ಅಷ್ಟೇ. ನಿಮಗೆ ಏನೂ ಗೊತ್ತಾಗಲ್ಲ.

ನಮ್ಮ ಹೋಟೆಲು ಸಾಂತಾ ಕ್ರೋಚೆ ಚರ್ಚಿನ ಹತ್ತಿರ, ಹಳೇ ಊರಿನ ಒಳಗೇ ಇತ್ತು. ಫೋನಿನ ಮ್ಯಾಪು ಎಡಕ್ಕೆ ಬಲಕ್ಕೆ ಅಂತ ಹೇಳ್ತಾ ಹೋಯಿತು, ನಾವೂ ಹೋದೆವು. ಎಡಗಡೆ ಸ್ಟೀರಿಂಗು, ಬಲಗಡೆ ಓಡಿಸಬೇಕು, ಕೈ ಚಾಚಿದರೆ ಗೋಡೆ ಸಿಗುವಷ್ಟು ಕಿರಿದಾದ ಗಲ್ಲಿ, ಮುಂದೆ ಸೈಕಲ್, ಹಿಂದೆ ಯಾರೋ ಹಾರ್ನ್ ಹೊಡೀತಾ ಇದ್ದಾರೆ. ಆ ಗಡಿಬಿಡಿಯಲ್ಲಿ ಒಂದು ತಿರುವು ತಪ್ಪಿತು. ಹೊರಗೆ ಹೋಗಿ, ನದಿ ಪಕ್ಕದ ರಸ್ತೆ ಹಿಡಿದು, ಸುತ್ತು ಹಾಕಿ ಮತ್ತೆ ಒಳಗೆ ಬಂದೆವು. ಹನ್ನೊಂದು ನಿಮಿಷದ ಅಂತರದಲ್ಲಿ ಎರಡು ಸಲ ಕ್ಯಾಮೆರಾ ದಾಟಿದ್ದೆವು. ಆಗ ಒಂದೊಂದು ಸಲಕ್ಕೂ ಬೇರೆ ಬೇರೆ ದಂಡ ಬೀಳುತ್ತಿತ್ತು. ಗೊತ್ತಿಲ್ಲದೆ ಒಂದೇ ದಿನ ಎರಡು ಸಲ ಹೋದೆವು, ಒಂದು ಅಂತ ಲೆಕ್ಕ ಹಿಡಿಯಿರಿ ಅಂದರೆ ನಡೆಯುತ್ತಿರಲಿಲ್ಲ.

ಆ ಬೋರ್ಡು ಹೇಗಿರುತ್ತೆ ಅಂತ ಸರಿಯಾಗಿ ನೆನಪಿಟ್ಟುಕೊಳ್ಳಿ. ಬಿಳಿ ದುಂಡನೆಯ ಫಲಕ, ಸುತ್ತ ದಪ್ಪ ಕೆಂಪು ಅಂಚು, ಮಧ್ಯ ಖಾಲಿ. ಕೆಳಗೆ ಸಣ್ಣ ಅಕ್ಷರದಲ್ಲಿ ಗಂಟೆಗಳ ಪಟ್ಟಿ. ಅದರ ಪಕ್ಕ ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಸುತ್ತಿಗೆಯ ಚಿತ್ರ ಇದ್ದರೆ ಕೆಲಸದ ದಿನ ಅಂತ, ಶಿಲುಬೆ ಇದ್ದರೆ ಭಾನುವಾರ ಮತ್ತು ರಜಾ ದಿನ ಅಂತ ಅರ್ಥ. ಎಷ್ಟೋ ಕಡೆ ಮಿನುಗುವ ಅಕ್ಷರದ ಬೋರ್ಡೂ ಇರುತ್ತೆ. ಅದರಲ್ಲಿ "ವಾರ್ಕೋ ಆತ್ತಿವೋ" ಅಂತ ಬಂದರೆ ಒಳಗೆ ಹೋಗಬೇಡಿ. ಎಲ್ಲರೂ ಎಡವೋದು ಇಲ್ಲೇ. ವಾರ್ಕೋ ಅಂದರೆ ಪ್ರವೇಶದ ಜಾಗ, ಆತ್ತಿವೋ ಅಂದರೆ ಚಾಲೂ ಇದೆ. ಪ್ರವೇಶ ಚಾಲೂ ಇದೆ, ಹೋಗಬಹುದು ಅಂತ ನಮ್ಮವರು ಓದಿದರು. ಚಾಲೂ ಇರೋದು ಕಾವಲು. "ವಾರ್ಕೋ ನೊನ್ ಆತ್ತಿವೋ" ಅಂತ ಇದ್ದಾಗ ಮಾತ್ರ ಹೋಗಬಹುದು.

ಮಾರನೇ ದಿನ ಸಿಯೆನಾಗೆ ಹೋದೆವು. ಅಲ್ಲಿ ಕೋಟೆಯ ಹೊರಗೇ ಕಾರು ನಿಲ್ಲಿಸಿ ಎಸ್ಕಲೇಟರಲ್ಲಿ ಮೇಲಕ್ಕೆ ಹೋಗುವ ವ್ಯವಸ್ಥೆ ಇದೆ, ಅಮ್ಮನಿಗೆ ಬಹಳ ಖುಷಿಯಾಯಿತು. ಕಾಂಪೋ ಅನ್ನುವ ದೊಡ್ಡ ಅಂಗಳ ಅಲ್ಲಿಯದು, ಜುಲೈ 2 ಮತ್ತು ಆಗಸ್ಟ್ 16ಕ್ಕೆ ಕುದುರೆ ಓಟ ನಡೆಯುವ ಜಾಗ. ಕೆಂಪು ಇಟ್ಟಿಗೆಯ ನೆಲ, ಬಿಳಿ ಗೆರೆಗಳು ಅದನ್ನ ಒಂಬತ್ತು ಪಾಲು ಮಾಡಿವೆ, ಎಲ್ಲವೂ ಒಂದೇ ಕಡೆಗೆ ಇಳಿಜಾರು. ಅಮ್ಮ ನೋಡಿದ ತಕ್ಷಣ "ಮೊರ ಇದ್ದ ಹಾಗಿದೆ ನೋಡೇ" ಅಂದರು. ನಿಜವಾಗಲೂ ಮೊರವೇ. ಬಿಸಿಲಿಗೆ ಬೆಚ್ಚಗಾಗಿದ್ದ ಆ ಇಟ್ಟಿಗೆ ಮೇಲೆ ಕಾಲು ಚಾಚಿ ಕೂತು, ತಂದಿದ್ದ ಚಕ್ಕುಲಿ ತಿಂದೆವು. ಸಂಜೆ ಏಳೂಕಾಲಕ್ಕೆ ಫ್ಲಾರೆನ್ಸ್‌ಗೆ ವಾಪಸು ಬಂದು, ಮತ್ತೆ ಅದೇ ಗಲ್ಲಿಯಲ್ಲಿ ಹೋಟೆಲಿಗೆ ಹೋದೆವು. ಮೂರನೇ ದಂಡ ಅದು. ಅಲ್ಲಿ ವಾರದ ದಿನಗಳಲ್ಲಿ ರಾತ್ರಿ ಎಂಟರವರೆಗೂ ನಿರ್ಬಂಧ. ಮುಕ್ಕಾಲು ಗಂಟೆ ತಡವಾಗಿ ಬಂದಿದ್ದರೆ ಅದೊಂದಾದರೂ ತಪ್ಪುತ್ತಿತ್ತು.

ಫ್ಲಾರೆನ್ಸ್ ಬಗ್ಗೆ ನನಗೆ ಬೇಸರ ಇಲ್ಲ. 1420ರಲ್ಲಿ ಶುರು ಮಾಡಿ 1436ರಲ್ಲಿ ಮುಗಿಸಿದ ಅಲ್ಲಿನ ದೊಡ್ಡ ಚರ್ಚಿನ ಗುಮ್ಮಟವನ್ನ, ಬ್ರುನೆಲ್ಲೆಸ್ಕಿ ಅನ್ನುವ ವಾಸ್ತುಶಿಲ್ಪಿ ಕಟ್ಟಿಸಿದ್ದನ್ನ, ನಾನು 463 ಮೆಟ್ಟಿಲು ಹತ್ತಿ ನೋಡಿ ಬಂದೆ. ನೆಲದಿಂದ ಮರದ ಆಸರೆ ಕೊಡದೆಯೇ ಕಟ್ಟಿದ್ದಾರೆ ಅದನ್ನ. ಅಂಥ ಊರಿನ ಗಲ್ಲಿಗಳಲ್ಲಿ ಕಾರು ಬೇಡ ಅನ್ನುವ ನಿಯಮ ಸರಿಯೇ. ಹಂಪಿಯ ರಥಬೀದಿಯಲ್ಲಿ ಎಲ್ಲರೂ ಕಾರು ನುಗ್ಗಿಸಿದರೆ ನಮಗೆ ಹೇಗನಿಸುತ್ತೆ? ನನ್ನ ಸಿಟ್ಟು ಇರೋದು ದುಡ್ಡು ಇಸ್ಕೊಂಡು ಕಾರು ಕೊಟ್ಟವರು, ರೂಮು ಕೊಟ್ಟವರು ಒಂದು ಮಾತು ಹೇಳಲಿಲ್ಲವಲ್ಲ ಅಂತ. ಒಳಗಿರುವ ಹೋಟೆಲಿನವರು ಅತಿಥಿಗಳ ಕಾರಿನ ನಂಬರನ್ನ ಮುಂಚೆಯೇ ಕೊಟ್ಟು ದಂಡ ಬೀಳದ ಹಾಗೆ ಮಾಡಬಹುದು. ಇದು ನಮಗೆ ಗೊತ್ತಾಗಿದ್ದು ಆಮೇಲೆ. ಅವರು ಕೇಳಲಿಲ್ಲ, ಕೇಳಬೇಕು ಅಂತ ನಮಗೂ ಗೊತ್ತಿರಲಿಲ್ಲ.

ಈಗ ದುಡ್ಡಿನ ಕಥೆ. ಫೆಬ್ರವರಿಯಲ್ಲಿ ಒಂದು ರಾತ್ರಿ ಫೋನಿಗೆ ಒಂದರ ಹಿಂದೆ ಒಂದು ಮೂರು ಮೆಸೇಜು ಬಂದವು. ಮೂರೂ 48 ಯೂರೋ, ನಮ್ಮ ಕ್ರೆಡಿಟ್ ಕಾರ್ಡಿಂದ. ಯಾರೋ ಕಾರ್ಡ್ ಕದ್ದರು ಅಂತ ಗಾಬರಿಯಾಗಿ ಬ್ಯಾಂಕಿಗೆ ಫೋನ್ ಮಾಡಿದೆವು. ಆಮೇಲೆ ಈಮೇಲ್ ಹುಡುಕಿದರೆ ಕಾರು ಕಂಪನಿಯದ್ದು. ಪೊಲೀಸರಿಗೆ ನಮ್ಮ ಹೆಸರು, ವಿಳಾಸ ಕೊಟ್ಟಿದ್ದಕ್ಕೆ ಅವರು ಹಾಕಿಕೊಂಡ ಶುಲ್ಕ ಅದು. ಕರಾರಿನಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು, ನಾವು ಸಹಿ ಹಾಕಿದ್ದೆವು. ಇಲ್ಲಿ ಗಮನ ಕೊಡಿ: ಇದು ದಂಡ ಅಲ್ಲ. ದುಡ್ಡು ಹೋಯಿತು, ಅಲ್ಲಿಗೆ ಮುಗಿಯಿತು ಅಂತ ನಾವು ಸುಮ್ನೆ ಕೂತೆವು. ಜೂನ್‌ನಲ್ಲಿ ರಿಜಿಸ್ಟರ್ ಪೋಸ್ಟಲ್ಲಿ ಮೂರು ಲಕೋಟೆ ಬಂದವು, ಅಸಲಿ ದಂಡ ಅದರಲ್ಲಿತ್ತು. ಅಂಚೆ ಖರ್ಚು ಎಲ್ಲ ಸೇರಿ ಒಂದೊಂದೂ ನೂರು ಯೂರೋ ಹತ್ತಿರ. ಹೊರದೇಶದವರಿಗೆ ನೋಟಿಸು ಕಳಿಸಲು ಅವರಿಗೆ 360 ದಿನ ಅವಕಾಶ ಇದೆ, ಹಾಗಾಗಿ ಆರು ತಿಂಗಳಾಯಿತು ಇನ್ನೇನೂ ಬರಲ್ಲ ಅಂತ ನಿಶ್ಚಿಂತೆಯಿಂದ ಇರೋ ಹಾಗಿಲ್ಲ.

ಲಕೋಟೆ ಕೈಗೆ ಸಿಕ್ಕ 5 ದಿನದೊಳಗೆ ಕಟ್ಟಿದರೆ ದಂಡದಲ್ಲಿ 30% ರಿಯಾಯಿತಿ ಇದೆ. ನಾವು ಆಗ ಸಾಗರದಲ್ಲಿ ಮದುವೆಗೆ ಹೋಗಿದ್ದೆವು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ಸಹಿ ಹಾಕಿ ತಗೊಂಡು ಇಟ್ಟಿದ್ದರು. ನಮ್ಮ ಕೈಗೆ ಸಿಗುವ ಹೊತ್ತಿಗೆ ಎಂಟು ದಿನ ಆಗಿತ್ತು, ಪೂರ್ತಿ ಕಟ್ಟಬೇಕಾಯಿತು. 60 ದಿನ ದಾಟಿಸಿದರೆ ಮೊತ್ತ ಇನ್ನೂ ಜಾಸ್ತಿ ಆಗುತ್ತೆ. ನಮ್ಮ ಪತ್ರದಲ್ಲಿ ಒಂದು ವೆಬ್‌ಸೈಟು, ಒಂದು ಕೋಡು ಇತ್ತು, ಅದನ್ನ ಹಾಕಿ ಕಾರ್ಡಲ್ಲೇ ಕಟ್ಟಿದೆವು.

ಈಗ ಹೋಗುವವರು ಏನು ಮಾಡಬೇಕು? ರೋಮ್, ಫ್ಲಾರೆನ್ಸ್, ವೆನಿಸ್ ಅಷ್ಟೇ ನೋಡೋದಾದರೆ ಕಾರು ಬೇಡವೇ ಬೇಡ, ರೈಲು ಸಾಕು. ವೆನಿಸ್ ಒಳಗಂತೂ ಕಾರು ಹೋಗುವ ರಸ್ತೆಯೇ ಇಲ್ಲ. ಲೋಕಲ್ ರೈಲಿನ ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರಂ ಹತ್ತಿರದ ಮೆಷಿನ್‌ನಲ್ಲಿ ಮುದ್ರೆ ಒತ್ತಿಸಿ, ಇಲ್ಲದಿದ್ದರೆ ಅಲ್ಲೂ ದಂಡ. ಫ್ಲಾರೆನ್ಸ್‌ನಿಂದ ಸಿಯೆನಾಗೆ ಬಸ್ಸು ಚೆನ್ನಾಗಿದೆ. ಹಳ್ಳಿಗಳ ಕಡೆ ಹೋಗಲು ಕಾರು ಬೇಕೇ ಬೇಕು ಅಂದರೆ ಫ್ಲಾರೆನ್ಸ್ ನೋಡಿ ಮುಗಿಸಿ, ಹೊರಡುವ ದಿನ ವಿಮಾನ ನಿಲ್ದಾಣದ ಹತ್ತಿರ ತಗೊಳ್ಳಿ. ಕಾರಲ್ಲೇ ಬರೋದಾದರೆ ಎ1 ಹೆದ್ದಾರಿಯಿಂದ ನೇರವಾಗಿ ವಿಲ್ಲಾ ಕೋಸ್ತಾಂಜಾ ಪಾರ್ಕಿಂಗ್‌ಗೆ ಹೋಗಬಹುದು. ಅಲ್ಲಿ ಗಾಡಿ ಬಿಟ್ಟು ಟಿ1 ಟ್ರಾಮ್ ಹತ್ತಿದರೆ ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್, ಅರ್ಧ ಗಂಟೆಯೂ ಬೇಡ. ಹೋಟೆಲು ಊರೊಳಗೆ ಇದ್ದರೆ ಬುಕ್ ಮಾಡುವಾಗಲೇ "ನಮ್ಮ ಕಾರಿನ ನಂಬರ್ ಜೆಡ್‌ಟಿಎಲ್‌ಗೆ ಸೇರಿಸ್ತೀರಾ, ಯಾವ ದಾರಿಯಲ್ಲಿ ಬರಬೇಕು" ಅಂತ ಕೇಳಿ, ಉತ್ತರವನ್ನ ಬರಹದಲ್ಲೇ ತಗೊಳ್ಳಿ. ವಯಸ್ಸಾದವರು ಜೊತೆಗಿದ್ದರೆ ಸ್ಟೇಷನ್‌ನಿಂದ ಹೋಟೆಲಿಗೆ ಟ್ಯಾಕ್ಸಿ ಮಾಡಿ. ಅಮ್ಮನ ಮಂಡಿಗೋಸ್ಕರ ಅಂತ ನಾವು ಕಾರು ತಗೊಂಡೆವಲ್ಲ, ಆ ದಂಡದ ದುಡ್ಡಲ್ಲಿ ಅವರನ್ನ ದಿನಾ ಟ್ಯಾಕ್ಸಿಯಲ್ಲಿ ಓಡಾಡಿಸಬಹುದಿತ್ತು.

ಕಳೆದ ವಾರ ನನ್ನ ಚಿಕ್ಕಮ್ಮನ ಮಗಳು ಅವರ ಇಟಲಿ ಪ್ಲಾನ್ ಕಳಿಸಿದಳು. ಮೊದಲ ಸಾಲಲ್ಲೇ ರೋಮ್‌ನಲ್ಲಿ ಕಾರು, ಸಂಜೆಗೆ ಫ್ಲಾರೆನ್ಸ್ ಹೋಟೆಲು ಅಂತಿತ್ತು. ಅದಕ್ಕೇ ಕೂತು ಇಷ್ಟು ಬರೆದೆ. ಅಮ್ಮನಿಗೆ ದಂಡದ ವಿಷಯ ಇನ್ನೂ ಹೇಳಿಲ್ಲ, ತನ್ನಿಂದ ಆಯಿತು ಅಂದುಕೊಳ್ತಾರೆ.